ಎರರ್ ಬರಲಿಲ್ಲ ಅಂದ್ರೆ ಟೆಸ್ಟ್ ಆಯ್ತು ಅಂತಲ್ಲ

ಜಾವಾ ಕಲಿಸುವ ಪುಸ್ತಕ ಯಾವುದನ್ನೇ ತೆಗೆದು ನೋಡಿ, ಉದಾಹರಣೆಗಳು ಅವೇ. ಒಂದು ಸೈಕಲ್ಲು, ಒಂದು ಪಿಜ್ಜಾ ಅಂಗಡಿ, ಒಂದು ನಾಯಿ. (ನಾಯಿಗೆ ಬೊಗಳುವ ಮೆಥಡ್ ಇದ್ದೇ ಇರುತ್ತದೆ!) ನಮ್ಮ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಮಕ್ಕಳು ಗೇರಿರುವ ಸೈಕಲ್ಲು ಹೊಡೆದದ್ದು ಕಡಿಮೆ, ಪಿಜ್ಜಾ ತಿಂದದ್ದು ಇನ್ನೂ ಕಡಿಮೆ. ಅವರು ಹುಟ್ಟಿದಾಗಿನಿಂದ ನೋಡಿಕೊಂಡು ಬಂದದ್ದು ಎರಡು: ನೀರು ಮತ್ತು ಅಡಿಕೆ. ಜಾವಾದಲ್ಲಿ ಹುಡುಗರು ಎಡವುವ ಎರಡು ವಿಷಯಗಳನ್ನು ಹೇಳಿಕೊಡಲಿಕ್ಕೆ ಈ ಎರಡೇ ಸಾಕು ಅನ್ನುವುದು ನನ್ನ ವಾದ. ಒಂದು, ಸ್ಟೇಟ್ ಬದಲಾಯಿಸುವ ಮೆಥಡ್‌ಗಳನ್ನು ಟೆಸ್ಟ್ ಮಾಡುವುದು. ಇನ್ನೊಂದು, ಫಂಕ್ಷನ್ ಆಬ್ಜೆಕ್ಟ್‌ಗಳನ್ನು ಬಳಸುವುದು.

ಈ ವಾದ ಹುಟ್ಟಿದ್ದು ಅಕ್ಕನ ಮಗಳಿಂದ. ಇಂಜಿನಿಯರಿಂಗ್ ಓದುತ್ತಾಳೆ. ಅವಳೂ, ಅವಳ ಇಬ್ಬರು ಗೆಳತಿಯರೂ ಸೇರಿ ಭಾನುವಾರ ಭಾನುವಾರ ಫೋನಿನಲ್ಲಿ ನನ್ನ ಹತ್ತಿರ ಪಾಠ ಹೇಳಿಸಿಕೊಳ್ಳುತ್ತಾರೆ. ನಮ್ಮವಳು ಹೊಸನಗರದವಳು, ಒಬ್ಬಳು ಸಾಗರದ ಕಡೆಯವಳು, ಮತ್ತೊಬ್ಬಳು ತೀರ್ಥಹಳ್ಳಿಯವಳು. ರಜೆಯಲ್ಲಿ ಮನೆಗೆ ಹೋದರೆ ನೆಟ್‌ವರ್ಕ್ ಸಿಗಲಿಕ್ಕೆ ಮನೆ ಹಿಂದಿನ ಗುಡ್ಡ ಹತ್ತಬೇಕು, ಆದರೂ ತಪ್ಪಿಸುವುದಿಲ್ಲ. ಒಂದು ದಿನ ನಮ್ಮವಳು ಕೇಳಿದಳು:

"ಅಲ್ಲ ಮಾವ, ಕೂಡಿಸುವ ಮೆಥಡ್ ಆದರೆ ಎರಡು ಮತ್ತು ಮೂರು ಕೊಟ್ಟು ಐದು ಬಂತಾ ಅಂತ ನೋಡಬಹುದು. ಈ ವಾಯ್ಡ್ ಮೆಥಡ್ ವಾಪಸ್ ಎಂತದೂ ಕೊಡುವುದೇ ಇಲ್ಲವಲ್ಲ, ಅದನ್ನು ಹ್ಯಾಂಗೆ ಟೆಸ್ಟ್ ಮಾಡೂದು? ಕರೆದು ನೋಡ್ದೆ, ಎರರ್ ಬರ್ಲಿಲ್ಲ. ಅಷ್ಟೇ ಸಾಕಲ್ಲ?"

ಸಾಕಾಗುವುದಿಲ್ಲ. ಯಾಕೆ ಸಾಕಾಗುವುದಿಲ್ಲ ಅನ್ನುವುದಕ್ಕೆ ನಮ್ಮ ಮನೆಯಲ್ಲೇ ನಡೆದ ಒಂದು ಕತೆ ಇದೆ, ಅದನ್ನು ಮುಂದೆ ಹೇಳುತ್ತೇನೆ. ಮೊದಲು ನೀರಿನ ವಿಷಯ.

ಶರಾವತಿ ಹುಟ್ಟುವುದು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ. ಹೊಸನಗರ ದಾಟಿ ಸಾಗರ ತಾಲ್ಲೂಕಿನ ಲಿಂಗನಮಕ್ಕಿಗೆ ಬಂದು ನಿಲ್ಲುತ್ತದೆ. ಅಣೆಕಟ್ಟು ಮುಗಿದದ್ದು 1964ರಲ್ಲಿ. ತುಂಬಿದಾಗಿನ ಮಟ್ಟ 1819 ಅಡಿ, ಹಿಡಿಯುವ ನೀರು ಸುಮಾರು 151 ಟಿಎಂಸಿ. ಮಳೆಗಾಲದಲ್ಲಿ "ಇವತ್ತು ಎಷ್ಟಾಯ್ತಂತೆ?" ಅಂತ ಪೇಪರಿನಲ್ಲಿ ಈ ಮಟ್ಟ ನೋಡದ ಮನೆ ನಮ್ಮ ಕಡೆ ಇಲ್ಲ. ಮೂರೂ ತಾಲ್ಲೂಕಿಗೆ ಸೇರಿದ ಒಂದೇ ನದಿ, ಮೂವರೂ ಹುಡುಗಿಯರಿಗೆ ಗೊತ್ತಿರುವ ಒಂದೇ ಜಲಾಶಯ. ಇದನ್ನೇ ಆಬ್ಜೆಕ್ಟ್ ಮಾಡಿಕೊಳ್ಳೋಣ ಅಂದೆ. ಅದಕ್ಕೆ 'ನೀರುಬಿಡು' ಅಂತ ಒಂದು ಮೆಥಡ್. ಎಷ್ಟು ಟಿಎಂಸಿ ಅಂತ ಹೇಳಿದರೆ ಅಷ್ಟು ಬಿಡುತ್ತದೆ, ತಿರುಗಿ ಏನೂ ಹೇಳುವುದಿಲ್ಲ. (ಅಂದ ಹಾಗೆ, ಜಾವಾದಲ್ಲಿ ಮೆಥಡ್‌ಗಳ ಹೆಸರನ್ನು ಕನ್ನಡ ಅಕ್ಷರದಲ್ಲೇ ಇಡಬಹುದು. ಒಮ್ಮೆ ಪ್ರಯತ್ನಿಸಿ ನೋಡಿ, ಖುಷಿಯಾಗುತ್ತದೆ.)

ಗೇಟು ಎತ್ತಿದರೆ ಗೇಟು ಬಂದು ನಿಮಗೆ ಉತ್ತರ ಹೇಳುವುದಿಲ್ಲ. ನೀರು ಇಳಿಯಿತೋ ಇಲ್ಲವೋ ಅಂತ ನೀವೇ ಹೋಗಿ ಮಟ್ಟದ ಪಟ್ಟಿ ನೋಡಬೇಕು. ವಾಯ್ಡ್ ಮೆಥಡ್ ಅಂದರೆ ಇಷ್ಟೇ. ಅದರ ಉತ್ತರ ಅದರ ಬಾಯಲ್ಲಿ ಇರುವುದಿಲ್ಲ, ಅದು ಮುಟ್ಟಿದ ವಸ್ತುವಿನಲ್ಲಿ ಇರುತ್ತದೆ. ಹಾಗಾಗಿ ಟೆಸ್ಟಿನ ಕ್ರಮ ಹೀಗೆ: ಹೊಸ ಜಲಾಶಯ ಒಂದನ್ನು ತಯಾರು ಮಾಡು. 100 ಟಿಎಂಸಿ ತುಂಬಿಸು. 100 ಇದೆಯಾ ಅಂತ ಮೊದಲು ನೋಡು. 5 ಟಿಎಂಸಿ ಬಿಡು. ಈಗ 95 ಇದೆಯಾ ನೋಡು.

"ಮೊದಲೇ 100 ತುಂಬ್ಸಿದೀವಲ್ಲ, ಮತ್ತೆ ನೋಡೂದು ಎಂತಕ್ಕೆ?" ಅಂದಳು ಸಾಗರದ ಹುಡುಗಿ. ತುಂಬಿಸುವುದೂ ಒಂದು ವಾಯ್ಡ್ ಮೆಥಡ್ಡೇ. ಅದು ಕೆಲಸ ಮಾಡಿದೆ ಅಂತ ಯಾರು ಹೇಳಿದರು? ಶುರುವಿನ ಸ್ಥಿತಿ ಗೊತ್ತಿಲ್ಲದೆ ಕೊನೆಯ ಸ್ಥಿತಿ ನೋಡಿ ಏನೂ ತೀರ್ಮಾನ ಮಾಡಲಿಕ್ಕೆ ಬರುವುದಿಲ್ಲ.

ಆಮೇಲೆ, ಬದಲಾಗಬೇಕಾದ್ದು ಬದಲಾಯಿತು ಅಂತ ನೋಡಿದರೆ ಅರ್ಧ ಕೆಲಸ ಆಯಿತು ಅಷ್ಟೆ. ಬದಲಾಗಬಾರದ್ದು ಬದಲಾಗಿಲ್ಲ ಅಂತಲೂ ನೋಡಬೇಕು. ನೀರು ಬಿಟ್ಟ ಮೇಲೂ ಜಲಾಶಯದ ಸಾಮರ್ಥ್ಯ 151 ಆಗಿಯೇ ಇರಬೇಕು. 100 ಇರುವಾಗ 120 ಬಿಡು ಅಂದರೆ ಮೆಥಡ್ ಎಕ್ಸೆಪ್ಷನ್ ಎಸೆಯಬೇಕು, ಅದು ಸರಿ. ಆದರೆ ಎಸೆದ ಮೇಲೆ ಒಳಗೆ 100 ಹಾಗೇ ಇದೆಯಾ? ಅಥವಾ ಕಳೆದುಬಿಟ್ಟು, ಮೈನಸ್ ಆದ ಮೇಲೆ ಎಸೆಯಿತಾ? ಬಹಳ ಜನ ಎಕ್ಸೆಪ್ಷನ್ ಬಂತು ಅಂತ ನೋಡಿ ಅಲ್ಲಿಗೇ ಕೈ ತೊಳೆದುಕೊಳ್ಳುತ್ತಾರೆ. ಸೋತ ಮೆಥಡ್ ಹೋಗುವಾಗ ಮನೆಯನ್ನು ಹೇಗೆ ಬಿಟ್ಟು ಹೋಯಿತು ಅನ್ನುವುದು ಮುಖ್ಯ.

ಇನ್ನು ಎರಡು ಆಬ್ಜೆಕ್ಟ್‌ಗಳ ವಿಷಯ. ಹೊಸನಗರ ತಾಲ್ಲೂಕಿನಲ್ಲಿ ಚಕ್ರಾ, ಸಾವೇಹಕ್ಲು ಅಂತ ಜಲಾಶಯಗಳಿವೆ. ಅವುಗಳ ನೀರನ್ನು ಕಾಲುವೆಯಲ್ಲಿ ಲಿಂಗನಮಕ್ಕಿಗೆ ತಿರುಗಿಸಿದ್ದಾರೆ. ಈಗ 'ತಿರುಗಿಸು' ಅನ್ನುವ ಮೆಥಡ್ ಬರೆದರೆ ಟೆಸ್ಟ್ ಎರಡೂ ಕಡೆ ನೋಡಬೇಕು. ಚಕ್ರಾದಲ್ಲಿ ಎಷ್ಟು ಇಳಿಯಿತೋ ಅಷ್ಟೇ ಲಿಂಗನಮಕ್ಕಿಯಲ್ಲಿ ಏರಬೇಕು. (ಕಾಲುವೆಯಲ್ಲಿ ಸೋರಿದ್ದನ್ನು ಸದ್ಯಕ್ಕೆ ಬಿಡೋಣ!) ಮೊದಲಿನ ಒಟ್ಟು, ಆಮೇಲಿನ ಒಟ್ಟು ಒಂದೇ ಇರಬೇಕು. ಈ ಒಂದು ಸಾಲಿನ ಟೆಸ್ಟನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇಲ್ಲೊಂದು ಬಲೆಯೂ ಇದೆ. ಹೊಸನಗರದ ಪಟಗುಪ್ಪೆಯಲ್ಲಿ ನಿಂತು ನೋಡುವ ಹಿನ್ನೀರು, ಸಾಗರದ ಕಾರ್ಗಲ್ ಹತ್ತಿರ ಅಣೆಕಟ್ಟಿನ ಹಿಂದೆ ಕಾಣುವ ನೀರು, ಎರಡೂ ಒಂದೇ ಜಲಾಶಯ. ಹೆಸರು ಎರಡು, ವಸ್ತು ಒಂದು. ಜಾವಾದಲ್ಲೂ ಹಾಗೆ. 'ಮೊದಲಿನ ಸ್ಥಿತಿ ಇರಲಿ' ಅಂತ ಜಲಾಶಯವನ್ನೇ ಇನ್ನೊಂದು ವೇರಿಯೇಬಲ್ಲಿಗೆ ಹಾಕಿಟ್ಟುಕೊಂಡರೆ ನಿಮ್ಮ ಹತ್ತಿರ ಹಳೆಯ ಸ್ಥಿತಿ ಉಳಿಯುವುದಿಲ್ಲ, ಅದೇ ಜಲಾಶಯಕ್ಕೆ ಎರಡನೇ ಹೆಸರು ಸಿಗುತ್ತದೆ ಅಷ್ಟೆ. ನೀರು ಬಿಟ್ಟರೆ ಎರಡೂ ಹೆಸರಿನಲ್ಲಿ ಇಳಿಯುತ್ತದೆ. ಒಟ್ಟು ಬದಲಾಗಿಲ್ಲ ಅಂತ ಹೋಲಿಸಿದರೆ ಯಾವಾಗಲೂ ಪಾಸ್! ಹಾಗಾಗಿ ಮೊದಲು ಎಷ್ಟಿತ್ತು ಅನ್ನುವ ಅಂಕಿಯನ್ನು ಬರೆದಿಟ್ಟುಕೊಳ್ಳಬೇಕು, ವಸ್ತುವನ್ನಲ್ಲ.

ತೀರ್ಥಹಳ್ಳಿಯ ಹುಡುಗಿ ಒಳ್ಳೆಯ ಪ್ರಶ್ನೆ ಕೇಳಿದಳು. ಒಳಗಿನ ಫೀಲ್ಡುಗಳು ಪ್ರೈವೇಟ್ ಇರುತ್ತವಲ್ಲ ಸರ್, ಟೆಸ್ಟಿಗೋಸ್ಕರ ಅವನ್ನು ಪಬ್ಲಿಕ್ ಮಾಡಬೇಕಾ ಅಂತ. ಬೇಡ. 1940ರ ದಶಕದಲ್ಲಿ ಕಟ್ಟಿದ ಹಿರೇಭಾಸ್ಕರ ಅಣೆಕಟ್ಟು ಲಿಂಗನಮಕ್ಕಿಯ ನೀರಿನೊಳಗೇ ಇದೆ. ಬೇಸಿಗೆಯಲ್ಲಿ ನೀರು ತೀರಾ ಇಳಿದಾಗ ಕಾಣುತ್ತದೆ. ಅದನ್ನು ನೋಡಲೇಬೇಕು ಅಂತ ಯಾರೂ ಜಲಾಶಯ ಬರಿದು ಮಾಡುವುದಿಲ್ಲ. ಜನರಿಗೆ ಬೇಕಾದ್ದು ಮಟ್ಟದ ಪಟ್ಟಿ. ಟೆಸ್ಟ್ ಕೂಡ ಹೊರಗಿನಿಂದ ಕಾಣುವ ಪಟ್ಟಿಯನ್ನೇ ನೋಡಬೇಕು. ಒಳಗಿನ ವ್ಯವಸ್ಥೆ ನಾಳೆ ಬದಲಾದರೂ ಟೆಸ್ಟ್ ಮುರಿಯಬಾರದು.

ಇನ್ನು ಅಡಿಕೆ. ಅಡಿಕೆಗೂ ಟೆಸ್ಟಿಗೂ ಮೊದಲ ಸಂಬಂಧ ಚೊಗರಿನಲ್ಲಿ. ಹಸಿ ಅಡಿಕೆ ಸುಲಿದು ಹಂಡೆಯಲ್ಲಿ ಬೇಯಿಸುವಾಗ ಚೊಗರು ಹಾಕುತ್ತಾರೆ, ಬಣ್ಣ ಬರಲಿ ಅಂತ. ಅದೇ ನೀರಿನಲ್ಲಿ ಬೇಯಿಸುತ್ತ ಹೋದ ಹಾಗೆ ಚೊಗರು ಗಟ್ಟಿಯಾಗುತ್ತದೆ. ಮೊದಲ ಹಂಡೆಯ ಬಣ್ಣ ಬೇರೆ, ಐದನೇ ಹಂಡೆಯ ಬಣ್ಣ ಬೇರೆ. ಅಡಿಕೆಗೆ ಅದು ಒಳ್ಳೆಯದು. ಟೆಸ್ಟಿಗೆ ಅಲ್ಲ. ಒಂದು ಟೆಸ್ಟ್ ಬಿಟ್ಟುಹೋದ ಚೊಗರಿನಲ್ಲಿ ಇನ್ನೊಂದು ಟೆಸ್ಟ್ ಬೇಯಬಾರದು. ಹಾಗಾದರೆ ಒಂಟಿಯಾಗಿ ಓಡಿಸಿದಾಗ ಪಾಸಾಗುವ ಟೆಸ್ಟ್, ಎಲ್ಲವನ್ನೂ ಒಟ್ಟಿಗೆ ಓಡಿಸಿದಾಗ ಫೇಲಾಗುತ್ತದೆ. ಕಾರಣ ಹುಡುಕುತ್ತ ರಾತ್ರಿ ಕಳೆಯುತ್ತದೆ.

ಇದಕ್ಕೆಂದೇ ಜೆಯುನಿಟ್ ಪ್ರತಿ ಟೆಸ್ಟ್ ಮೆಥಡ್ಡಿಗೂ ಟೆಸ್ಟ್ ಕ್ಲಾಸಿನ ಹೊಸ ಆಬ್ಜೆಕ್ಟ್ ಮಾಡುತ್ತದೆ. ಜೆಯುನಿಟ್ ಶುರುವಾದದ್ದು 1997ರಲ್ಲಿ, ಕೆಂಟ್ ಬೆಕ್ ಮತ್ತು ಎರಿಕ್ ಗಾಮಾ ಜ್ಯೂರಿಕ್‌ನಿಂದ ಅಟ್ಲಾಂಟಾಕ್ಕೆ ವಿಮಾನದಲ್ಲಿ ಹೋಗುವಾಗ ಕೂತು ಬರೆದದ್ದು. ಪ್ರತಿ ಟೆಸ್ಟಿಗೂ ಹೊಸ ಹಂಡೆ, ಹೊಸ ನೀರು. ಆದರೆ ಸ್ಟಾಟಿಕ್ ವೇರಿಯೇಬಲ್‌ಗಳಲ್ಲಿ ಹಳೆಯ ಚೊಗರು ಉಳಿದೇ ಇರುತ್ತದೆ, ಹುಷಾರು.

ಅಡಿಕೆಗೆ ಇರುವ ಎರಡನೇ ಸಂಬಂಧವೇ ಫಂಕ್ಷನ್ ಆಬ್ಜೆಕ್ಟ್. ಒಣಗಿದ ಕೆಂಪಡಿಕೆಯನ್ನು ಆರಿಸುವುದನ್ನು ನೋಡಿರುತ್ತೀರಿ. ಸರಕು, ಬೆಟ್ಟೆ, ರಾಶಿ ಇಡಿ, ಗೊರಬಲು. ಮ್ಯಾಮ್ಕೋಸಿಗೋ ಮಂಡಿಗೋ ಹೋದರೆ ಈ ಹೆಸರುಗಳ ಮೇಲೆಯೇ ದರ ನಿಲ್ಲುವುದು. ರಾಶಿಯಿಂದ ಒಂದೊಂದೇ ಅಡಿಕೆ ಎತ್ತಿ ಬೇರೆ ಬೇರೆ ಬುಟ್ಟಿಗೆ ಹಾಕುವ ಕೈಕೆಲಸ ಎಲ್ಲದಕ್ಕೂ ಒಂದೇ. ಬೇರೆಯಾಗುವುದು ಕಣ್ಣು. ಒಬ್ಬರು ಸರಕನ್ನು ಬೆಟ್ಟೆಯಿಂದ ಬೇರೆ ಮಾಡುತ್ತಾರೆ, ಇನ್ನೊಬ್ಬರು ಹುಳ ತಿಂದದ್ದನ್ನು ತೆಗೆಯುತ್ತಾರೆ, ಮತ್ತೊಬ್ಬರು ಒಣಗಿದೆಯೋ ಇಲ್ಲವೋ ಅಂತ ಕತ್ತರಿಸಿ ನೋಡುತ್ತಾರೆ.

ಪ್ರೋಗ್ರಾಮಿನಲ್ಲಿ ಹೊಸಬರು ಮಾಡುವುದೇನು? ಸರಕು ಆರಿಸುವ ಮೆಥಡ್, ಬೆಟ್ಟೆ ಆರಿಸುವ ಮೆಥಡ್, ಗೊರಬಲು ಆರಿಸುವ ಮೆಥಡ್ ಅಂತ ಬೇರೆ ಬೇರೆ ಬರೆಯುತ್ತಾರೆ. ಎಲ್ಲದರಲ್ಲೂ ಅದೇ ಲೂಪು, ಒಳಗಿನ ಒಂದು ಷರತ್ತು ಮಾತ್ರ ಬೇರೆ. ಅದರ ಬದಲು 'ಆರಿಸು' ಅಂತ ಒಂದೇ ಮೆಥಡ್ ಇಟ್ಟು, ಕಣ್ಣನ್ನು ಹೊರಗಿನಿಂದ ಕೊಡಬಹುದಲ್ಲ? ಜಾವಾದಲ್ಲಿ ಬರೀ ಕಣ್ಣನ್ನು ಕಳಿಸಲಿಕ್ಕೆ ಬರುವುದಿಲ್ಲ, ಕಣ್ಣಿರುವ ಒಬ್ಬ ಆಳನ್ನೇ ಕಳಿಸಬೇಕು. ಆ ಆಳಿಗೆ ಬೇರೆ ಕೆಲಸ ಇಲ್ಲ, ಆಸ್ತಿ ಇಲ್ಲ. ಕೇಳಿದರೆ ಹೌದು ಅಥವಾ ಅಲ್ಲ ಅನ್ನುವುದು, ಇಲ್ಲವೇ ಎರಡರಲ್ಲಿ ಯಾವುದು ಮುಂದೆ ಅಂತ ಹೇಳುವುದು, ಅಷ್ಟೇ. ಇದೇ ಫಂಕ್ಷನ್ ಆಬ್ಜೆಕ್ಟ್. ಹೌದು-ಅಲ್ಲ ಹೇಳುವವನು ಪ್ರೆಡಿಕೇಟ್, ಯಾವುದು ಮುಂದೆ ಅಂತ ಹೇಳುವವನು ಕಂಪ್ಯಾರೇಟರ್. ಕಂಪ್ಯಾರೇಟರ್ 1998ರ ಜಾವಾ 1.2ರಿಂದಲೂ ಇದೆ. ಆಗೆಲ್ಲ ಒಂದು ಸಾಲಿನ ಕಣ್ಣಿಗೆ ಐದಾರು ಸಾಲಿನ ಕ್ಲಾಸ್ ಬರೆಯಬೇಕಿತ್ತು. 2014ರಲ್ಲಿ ಜಾವಾ 8 ಬಂದ ಮೇಲೆ ಲ್ಯಾಂಬ್ಡಾ ಅಂತ ಒಂದೇ ಸಾಲಿನಲ್ಲಿ ಬರೆಯಬಹುದು. ಬರೆಯುವುದು ಚಿಕ್ಕದಾಯಿತು, ಹಿಂದಿರುವ ವಿಚಾರ ಅದೇ.

ಇದರ ದೊಡ್ಡ ಲಾಭ ಟೆಸ್ಟಿನಲ್ಲಿ. ಕಣ್ಣನ್ನು ಪರೀಕ್ಷೆ ಮಾಡಲಿಕ್ಕೆ ರಾಶಿ ಬೇಡ, ಬುಟ್ಟಿ ಬೇಡ, ಅಂಗಳವೂ ಬೇಡ. ಎರಡು ಅಡಿಕೆ ಕೊಡಿ, ಉತ್ತರ ನೋಡಿ. ಸರಕು ಮತ್ತು ಬೆಟ್ಟೆ ಕೊಟ್ಟರೆ ಮೈನಸ್ ಬರಬೇಕು, ಅದಲು ಬದಲು ಮಾಡಿದರೆ ಪ್ಲಸ್, ಒಂದೇ ದರ್ಜೆಯ ಎರಡು ಕೊಟ್ಟರೆ ಸೊನ್ನೆ. ಮೂರು ಕೊಟ್ಟು ಕ್ರಮ ಸುತ್ತು ಹೊಡೆಯುವುದಿಲ್ಲ ಅಂತಲೂ ನೋಡಿ. ಈ ನಿಯಮ ಮುರಿದ ಕಂಪ್ಯಾರೇಟರನ್ನು ಕೊಟ್ಟರೆ ಜಾವಾ 7ರಿಂದೀಚೆಗಿನ ಸಾರ್ಟ್ ಕೆಲವೊಮ್ಮೆ 'ಹೋಲಿಕೆ ತನ್ನ ಒಪ್ಪಂದ ಮುರಿದಿದೆ' ಅಂತ ಎಕ್ಸೆಪ್ಷನ್ ಎಸೆಯುತ್ತದೆ. ಕೆಲವೊಮ್ಮೆ ಮಾತ್ರ! ಉಳಿದ ಸಲ ಸುಮ್ಮನೆ ತಪ್ಪು ಕ್ರಮದಲ್ಲಿ ಜೋಡಿಸಿ ಕೊಡುತ್ತದೆ. ಎರರ್ ಬರಲಿಲ್ಲ ಅನ್ನುವುದನ್ನು ನಂಬಬಾರದು ಅನ್ನುವುದಕ್ಕೆ ಇದೂ ಒಂದು ಸಾಕ್ಷಿ.

ಆದರೆ ಆಳಿಗೆ ನೆನಪು ಬಂದರೆ ಕತೆ ಬದಲಾಗುತ್ತದೆ. 'ನಾನು ಇದುವರೆಗೆ ಹತ್ತು ಸರಕು ಕೊಟ್ಟಾಯ್ತು, ಇನ್ನು ಕೊಡುವುದಿಲ್ಲ' ಅಂತ ಒಳಗೆ ಎಣಿಸಿಕೊಳ್ಳುವ ಪ್ರೆಡಿಕೇಟ್, ಅದೇ ಅಡಿಕೆಗೆ ಬೆಳಿಗ್ಗೆ ಹೌದು ಅಂದು ಸಂಜೆ ಅಲ್ಲ ಅನ್ನುತ್ತದೆ. ಅದು ಮತ್ತೆ ಜಲಾಶಯವಾಯಿತು, ಅದಕ್ಕೆ ನೀರಿನ ಟೆಸ್ಟೇ ಬೇಕು. ಒಂದು ಕಡೆ ಮಾತ್ರ ಈ ನೆನಪು ಉಪಯೋಗಕ್ಕೆ ಬರುತ್ತದೆ: ಟೆಸ್ಟಿನೊಳಗೆ. ಎಷ್ಟು ಸಲ ಕರೆದರು ಅಂತ ಎಣಿಸುವ ಒಬ್ಬ ಗೂಢಚಾರನನ್ನು 'ಆರಿಸು' ಮೆಥಡ್ಡಿಗೆ ಕೊಟ್ಟು, ಪ್ರತಿ ಅಡಿಕೆಯನ್ನೂ ಒಮ್ಮೆ ಮಾತ್ರ ಕೇಳಿತಾ ಅಂತ ನೋಡಬಹುದು.

ಇನ್ನು ಆಗಲೇ ಹೇಳಿದ ಮನೆಯ ಕತೆ. ನಮ್ಮ ದೊಡ್ಡಪ್ಪನವರಿಗೆ ಊರ ಕಡೆಯ ಒಂದು ಸೊಸೈಟಿಯಲ್ಲಿ ಉಳಿತಾಯ ಖಾತೆ ಮತ್ತು ಬೆಳೆಸಾಲ ಎರಡೂ ಇದ್ದವು. ಅಡಿಕೆ ಮಾರಿದ ದುಡ್ಡು ಉಳಿತಾಯ ಖಾತೆಗೆ ಬಂದಿತ್ತು. ಅದರಿಂದ ಸಾಲಕ್ಕೆ ಜಮಾ ಮಾಡಿ ಅಂತ ಬರೆದುಕೊಟ್ಟರು. ಗುಮಾಸ್ತರು ಒತ್ತುವ ಹೊತ್ತಿಗೆ ಸರಿಯಾಗಿ ಕರೆಂಟು ಹೋಯಿತು. (ಮಳೆಗಾಲದಲ್ಲಿ ನಮ್ಮಲ್ಲಿ ಇದು ಸುದ್ದಿಯೇ ಅಲ್ಲ. ಕರೆಂಟು ಹುಟ್ಟುವ ಊರಿನಲ್ಲೇ ಕರೆಂಟಿಲ್ಲ!) ಬಂದ ಮೇಲೆ ಇನ್ನೊಮ್ಮೆ ಒತ್ತಿದರು. ಉಳಿತಾಯ ಖಾತೆಯಲ್ಲಿ ಎರಡು ಸಲ ಇಳಿಯಿತು, ಸಾಲದಲ್ಲಿ ಒಂದು ಸಲ ಮಾತ್ರ ಕಡಿಮೆಯಾಯಿತು.

ದೊಡ್ಡಪ್ಪನವರ ಹತ್ತಿರ ಒಂದು ನೋಟ್‌ಬುಕ್ ಇದೆ. ಸೊಸೈಟಿಗೆ ಹೋಗುವ ಮೊದಲು ಎರಡೂ ಖಾತೆಯಲ್ಲಿ ಎಷ್ಟಿತ್ತು, ಎಷ್ಟು ಕಟ್ಟಿದೆ, ಬಂದ ಮೇಲೆ ಎಷ್ಟಾಗಬೇಕು ಅಂತ ಬರೆಯುತ್ತಾರೆ. ಪಾಸ್‌ಬುಕ್ಕಿಗೂ ಅದಕ್ಕೂ ತಾಳೆಯಾಗಲಿಲ್ಲ. ಕೇಳಿದರೆ "ಕಂಪ್ಯೂಟರ್ ಸುಳ್ಳು ಹೇಳುತ್ತಾ ಭಟ್ರೇ, ನೀವೇ ನಡುವೆ ತೆಗೆದಿರಬೇಕು" ಅಂದರಂತೆ. ದುಡ್ಡಿಗಿಂತ ಆ ಮಾತು ಅವರಿಗೆ ಹೆಚ್ಚು ತಾಗಿತು. ಐವತ್ತು ವರ್ಷ ಒಂದು ಪೈಸೆ ಲೆಕ್ಕ ತಪ್ಪದ ಮನುಷ್ಯ. ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ ಅಂತ ದೊಡ್ಡಮ್ಮ ಫೋನು ಮಾಡಿದರು.

ನಾನು ಊರಿಗೆ ಹೋದಾಗ ಕಾರ್ಯದರ್ಶಿಗಳು ಒಳ್ಳೆಯ ಮನಸ್ಸಿನಿಂದಲೇ ಪ್ರೋಗ್ರಾಮ್ ಮಾಡಿಕೊಟ್ಟ ಹುಡುಗನಿಗೆ ಫೋನು ಹಚ್ಚಿಕೊಟ್ಟರು. ಅವನು ಹೇಳಿದ ಮಾತು ಇನ್ನೂ ನೆನಪಿದೆ. "ಆ ಮೆಥಡ್ ಟೆಸ್ಟ್ ಮಾಡಿದ್ವಿ ಸಾರ್. ಎರರ್ ಬಂದಿರಲಿಲ್ಲ." ಸುಳ್ಳು ಹೇಳಲಿಲ್ಲ ಪಾಪ. ಮೆಥಡ್ ಕರೆದಿದ್ದ, ಎರರ್ ಬಂದಿರಲಿಲ್ಲ, ಟೆಸ್ಟಿನ ಮುಂದೆ ಹಸಿರು ಗುರುತು ಬಂದಿತ್ತು. ಎರಡೂ ಖಾತೆಯ ಒಟ್ಟು ಲೆಕ್ಕ ನೋಡಿರಲಿಲ್ಲ. ಅರ್ಧಕ್ಕೆ ನಿಂತರೆ ಏನಾಗುತ್ತದೆ ಅಂತ ನೋಡಿರಲಿಲ್ಲ. ಅದೇ ಚಲನ್ನಿಗೆ ಎರಡನೇ ಸಲ ಒತ್ತಿದರೆ ಏನಾಗುತ್ತದೆ ಅಂತಲೂ ನೋಡಿರಲಿಲ್ಲ. ದೊಡ್ಡಪ್ಪನವರ ನೋಟ್‌ಬುಕ್ಕಿನಲ್ಲಿ ಇದ್ದದ್ದು ಇದೇ: ಮೊದಲು ಎಷ್ಟು, ಆಮೇಲೆ ಎಷ್ಟು, ಇಳಿದದ್ದು ಮತ್ತು ಏರಿದ್ದು ಸಮವೋ. ಚಕ್ರಾ ಮತ್ತು ಲಿಂಗನಮಕ್ಕಿಯ ಟೆಸ್ಟ್. ಆ ನೋಟ್‌ಬುಕ್ ಮುಂದಿಟ್ಟುಕೊಂಡೇ ಸೊಸೈಟಿಯವರು ದಿನದ ಲೆಕ್ಕ ತೆಗೆದು ನೋಡಿದರು, ದುಡ್ಡು ವಾಪಸ್ ಬಂತು. ಕಾರ್ಯದರ್ಶಿಗಳು ಮನೆಗೇ ಬಂದು ಕಾಫಿ ಕುಡಿದು ಹೋದರು. ಅದು ಬಹಳ ಮುಖ್ಯವಾಗಿತ್ತು.

ಆ ಪ್ರೋಗ್ರಾಮಿನಲ್ಲಿ ನನಗೆ ಕಂಡ ಇನ್ನೊಂದು ವಿಷಯ, ಬಡ್ಡಿಯ ನಿಯಮವೆಲ್ಲ ಖಾತೆ ತಿದ್ದುವ ಮೆಥಡ್ಡಿನ ಹೊಟ್ಟೆಯಲ್ಲೇ ಇತ್ತು. ಬೆಳೆಸಾಲದ ಶೂನ್ಯ ಬಡ್ಡಿ ಸಿಗುವುದು ಗಡುವಿನೊಳಗೆ ಕಟ್ಟಿದವರಿಗೆ. ಅದರ ಮಿತಿಯನ್ನು ಕರ್ನಾಟಕ ಸರ್ಕಾರ 2023ರ ಬಜೆಟ್ಟಿನಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿತು. ಇಂಥ ನಿಯಮಗಳು ಬದಲಾಗುತ್ತಲೇ ಇರುತ್ತವೆ. ಪ್ರತಿ ಸಲವೂ ದುಡ್ಡು ಮುಟ್ಟುವ ಮೆಥಡ್ಡಿಗೇ ಕೈ ಹಾಕುವುದು ಅಪಾಯ. ನಿಯಮವನ್ನು ಒಂದು ಫಂಕ್ಷನ್ ಆಬ್ಜೆಕ್ಟ್ ಮಾಡಿ ಹೊರಗಿಡಿ. ಮೊತ್ತ, ಗಡುವು, ಕಟ್ಟಿದ ದಿನ ಕೊಟ್ಟರೆ ಬಡ್ಡಿ ಎಷ್ಟು ಅಂತ ಹೇಳಲಿ, ಯಾವ ಖಾತೆಯನ್ನೂ ಮುಟ್ಟದಿರಲಿ. ಆಗ ಗಡುವಿನ ಹಿಂದಿನ ದಿನ, ಗಡುವಿನ ದಿನ, ಮಾರನೇ ದಿನ ಅಂತ ಮೂರು ಟೆಸ್ಟ್ ನಿಮಿಷದಲ್ಲಿ ಬರೆಯಬಹುದು. 'ಇವತ್ತು' ಅನ್ನುವುದನ್ನೂ ಹೊರಗಿನಿಂದಲೇ ಕೊಡಿ. ಜಾವಾ 8ರಲ್ಲಿ ಇದಕ್ಕೆಂದೇ ಕ್ಲಾಕ್ ಅಂತ ಒಂದು ಕ್ಲಾಸ್ ಇದೆ, ಗಡಿಯಾರವನ್ನು ಬೇಕಾದ ದಿನಕ್ಕೆ ನಿಲ್ಲಿಸಿಡಬಹುದು. ಇಲ್ಲದಿದ್ದರೆ ಟೆಸ್ಟ್ ಇವತ್ತು ಪಾಸಾಗಿ ನಾಳೆ ಫೇಲಾಗುತ್ತದೆ. ಗಡುವಿನ ದಿನವೇ ಬಂದು ಕಟ್ಟಿದವರನ್ನು ಸುಸ್ತಿದಾರರ ಪಟ್ಟಿಗೆ ಹಾಕಲಿಕ್ಕೆ ಒಂದು 'ಸಮ' ಚಿಹ್ನೆ ತಪ್ಪಿದರೂ ಸಾಕು. ನಮ್ಮ ಹಳ್ಳಿಗಳಲ್ಲಿ ಆ ಪಟ್ಟಿಯಲ್ಲಿ ಹೆಸರು ಬಂದರೆ ಏನು ಅಂತ ನಿಮಗೆ ಹೇಳಬೇಕಾಗಿಲ್ಲ.

ಹಾಗಾಗಿ ಮೂವರು ಹುಡುಗಿಯರಿಗೂ ನಾನು ಹೇಳಿದ್ದು ಇಷ್ಟೇ. ನಿರ್ಧಾರ ಮಾಡುವುದನ್ನು ಬೇರೆ ಇಡಿ, ಬದಲಾಯಿಸುವುದನ್ನು ಬೇರೆ ಇಡಿ. ನಿರ್ಧಾರಕ್ಕೆ ಕಣ್ಣಿರುವ ಆಳು ಸಾಕು, ಕೇಳಿ ಉತ್ತರ ನೋಡಿದರೆ ಟೆಸ್ಟ್ ಆಯಿತು. ಬದಲಾಯಿಸುವ ಮೆಥಡ್ ಆದಷ್ಟು ಚಿಕ್ಕದಿರಲಿ, ಮತ್ತು ಅದಕ್ಕೆ ಮೊದಲು-ಆಮೇಲೆ ಎರಡೂ ಬರೆದಿಟ್ಟುಕೊಂಡು ಟೆಸ್ಟ್ ಮಾಡಿ. "ಇದಕ್ಕೆಲ್ಲ ಲ್ಯಾಬ್ ಎಕ್ಸಾಮಲ್ಲಿ ಮಾರ್ಕ್ಸ್ ಇಲ್ಲ ಮಾವ" ಅಂದಳು ನಮ್ಮವಳು. ಇಲ್ಲದಿರಬಹುದು ಮಾರಾಯ್ತಿ, ಆದರೆ ನೀನು ಬರೆಯುವ ಮೆಥಡ್ಡಿನ ಆ ತುದಿಯಲ್ಲಿ ಯಾರದೋ ಮನೆಯ ದೊಡ್ಡಪ್ಪ ಇರುತ್ತಾರೆ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಮರುವಾರ 'ತಿರುಗಿಸು' ಮೆಥಡ್ಡಿಗೆ ಹನ್ನೊಂದು ಟೆಸ್ಟ್ ಬರೆದು ಕಳಿಸಿದಳು. ಅದರಲ್ಲಿ ಒಂದು, ಲಿಂಗನಮಕ್ಕಿಯ ನೀರನ್ನು ಲಿಂಗನಮಕ್ಕಿಗೇ ತಿರುಗಿಸಿದರೆ ಏನಾಗುತ್ತದೆ ಅಂತ. ಅದು ನನಗೂ ಹೊಳೆದಿರಲಿಲ್ಲ :)

ನಿಮ್ಮೂರಿನಲ್ಲಿ ನೀರು, ಅಡಿಕೆ ಇಲ್ಲದಿದ್ದರೆ ಬೇರೇನಾದರೂ ಇದ್ದೇ ಇರುತ್ತದೆ. ರೇಷ್ಮೆ ಗೂಡಿನ ಮಾರುಕಟ್ಟೆ, ಹಾಲಿನ ಡೈರಿ, ಕಬ್ಬಿನ ತೂಕದ ಮನೆ. ಜಾವಾ ಕಲಿಯುವ ಮಕ್ಕಳು ಮನೆಯಲ್ಲಿದ್ದರೆ ಸೈಕಲ್ಲು, ನಾಯಿ ಬದಿಗಿಟ್ಟು ಇವುಗಳಿಂದ ಒಮ್ಮೆ ಹೇಳಿಕೊಟ್ಟು ನೋಡಿ.